ಹಸು ಕೊಟ್ಟು ತಂದ ದೋಣಿ

ಬೇರೆಯವರು ಬೇಡವೆಂದು ಬಿಟ್ಟ ವಸ್ತುವನ್ನು ಕಂಡರೆ ನನ್ನ ಕರುಳು ಚುರುಕ್ಕೆನ್ನುತ್ತದೆ. ಇದು ದಯೆಯೋ ದುರಾಸೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಪಡಸಾಲೆಯಲ್ಲಿ ಮುಳ್ಳಿಲ್ಲದ ಗಡಿಯಾರವೊಂದಿತ್ತು. ಹೊತ್ತು ತೋರಿಸದಿದ್ದರೂ ತನಗೆ ಮನಸ್ಸು ಬಂದಾಗ ಗಂಟೆ ಹೊಡೆಯುತ್ತಿತ್ತು. ಅರ್ಧ ಸ್ವರಗಳನ್ನು ಮರೆತ ಹಾರ್ಮೋನಿಯಂ ಒಂದಿತ್ತು. ಇವನ್ನೆಲ್ಲ ನನ್ನ ಹೆಂಡತಿ ನೀಲಮ್ಮ ಸಹಿಸಿಕೊಂಡಿದ್ದಳು, ಏಕೆಂದರೆ ಅವು ಮೂಲೆಯಲ್ಲಿ ಹಿಡಿಸುತ್ತಿದ್ದವು. ದೋಣಿ ಹಿಡಿಸಲಿಲ್ಲ.

ಗುಂಡ್ಲುಪೇಟೆಯಲ್ಲಿ ನನ್ನದು ಬೆಲ್ಲ-ಕೊಬ್ಬರಿಯ ಅಂಗಡಿ. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ ನೀಲಗಿರಿ ಕಡೆಯ ತೋಟದ ಬಿಳಿ ದೊರೆಯೊಬ್ಬ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟ. ಅವನ ಬಟ್ಲರನಾಗಿದ್ದ ಕುಂಞಪ್ಪ ಎಂಬ ಮಲೆಯಾಳಿ, ದೊರೆ ಬಿಟ್ಟುಹೋದ ಮರದ ದೋಣಿಯನ್ನು ಗಾಡಿಯ ಮೇಲೆ ಹೇರಿಕೊಂಡು ಹಂಗಳದ ದಾರಿಯಲ್ಲಿ ನಮ್ಮೂರಿಗೆ ಬಂದು, ನನ್ನ ಮನೆಯ ಎದುರಿಗೇ ಚಹಾದಂಗಡಿ ಇಟ್ಟ. ಚಹಾಕ್ಕೆ ಹಾಲು ಬೇಕು, ಹಾಲಿಗೆ ಹಸು ಬೇಕು. ನನ್ನ ಕೊಟ್ಟಿಗೆಯಲ್ಲಿ ಹಸುವಿತ್ತು. ನನ್ನ ಅತ್ತೆ ಪುಟ್ಟತಾಯಮ್ಮನವರು ಮಗಳಿಗೆಂದು ತೆರಕಣಾಂಬಿಯಿಂದ ಆಳಿನ ಕೈಲಿ ಹೊಡೆಸಿ ಕಳಿಸಿಕೊಟ್ಟ ಹಸು. ಆ ವರ್ಷ ಮಳೆ ಚೆನ್ನಾಗಿ ಹುಯ್ದು ಊರ ಕೆರೆ ತುಂಬಿ ಕೋಡಿ ಹರಿದಿತ್ತು. ಸಂಜೆ ಏರಿಯ ಮೇಲೆ ತಿರುಗಾಡುವಾಗ, ಅಷ್ಟೊಂದು ನೀರು ಯಾರಿಗೂ ಬೇಡವಾಗಿ ಬಿದ್ದಿರುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

"ಸಾರ್, ದೊರೆ ಇದಕ್ಕೆ ಮೋಟಾರ್ ಇಟ್ಟು ಓಡಿಸಿದ್ದು. ಒಳ್ಳೆ ಸಾಮಾನು" ಎಂದ ಕುಂಞಪ್ಪ.

ಮೋಟಾರನ್ನು ದೊರೆ ಕಳಚಿಕೊಂಡು ಹೋಗಿದ್ದ. ಆದರೆ ಅದು ಕುಳಿತಿದ್ದ ಜಾಗವನ್ನು ನೋಡಿದರೇ ನನಗೆ ಮೈ ಜುಂ ಎಂದಿತು. ನೀಲಮ್ಮ ತಂಗಿಯ ಮನೆಗೆಂದು ಚಾಮರಾಜನಗರಕ್ಕೆ ಹೋಗಿದ್ದಳು. ಹಸು ರಸ್ತೆ ದಾಟಿ ಆಚೆಗೆ ಹೋಯಿತು, ದೋಣಿ ಈಚೆಗೆ ಬಂತು.

ಊರಿಂದ ಬಂದ ನೀಲಮ್ಮ ಬರಿದಾದ ಕೊಟ್ಟಿಗೆಯನ್ನು ನೋಡಿದಳು. ಬಯ್ಯಲಿಲ್ಲ. ಹಿತ್ತಲಿಗೆ ಹೋಗಿ ದೋಣಿಗೆ ಒಂದು ಸುತ್ತು ಬಂದಳು. ದೇವಸ್ಥಾನಕ್ಕೆ ಸುತ್ತು ಬಂದ ಹಾಗೆ ಅಲ್ಲ, ಸಂತೆಯಲ್ಲಿ ಕುಂಬಳಕಾಯಿಯನ್ನು ತಿರುಗಿಸಿ ನೋಡುವ ಹಾಗೆ. ಹಿಂದಿನ ಹಲಗೆಗೆ ಹೆಬ್ಬೆರಳು ಒತ್ತಿದಳು. ಬೆರಳು ಬುಡದವರೆಗೆ ಒಳಗೆ ಹೋಯಿತು.

"ಇದೇನ್ರೀ, ಬೆಂದ ಗೆಣಸಿದ್ದಂಗದೆ?"

ದೋಣಿಯ ಎರಡು ಪಕ್ಕಗಳನ್ನು ಹಿಂದುಗಡೆ ಬಿಗಿಹಿಡಿದು, ಮೋಟಾರಿನ ಭಾರ ಹೊರಬೇಕಾದ ಮುಖ್ಯ ಹಲಗೆ ಅದು. ಬಣ್ಣವೊಂದನ್ನು ಬಿಟ್ಟರೆ ಅದರಲ್ಲಿ ಉಳಿದದ್ದೆಲ್ಲ ಕೊಳೆತಿತ್ತು. ಒಳಮೈಯಲ್ಲಿ ಅಣಬೆ ಎದ್ದಿದ್ದವು. ನಾನು ಅದನ್ನು ಆಗಲೇ ಮೊದಲ ಬಾರಿ ಮುಟ್ಟಿ ನೋಡಿದ್ದು.

"ಹಾಲಿಲ್ದಿದ್ರೆ ಇರ್ಲಿ. ನಮ್ಮವ್ವ ಬಂದು ಕೇಳುದ್ರೆ ನಾನೇನಂತ ಹೇಳ್ಲಿ?" ಎನ್ನುವಾಗ ಅವಳ ದನಿ ಇಳಿಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಳಿದ ದನಿಯನ್ನು ತಡೆದುಕೊಳ್ಳಲಾಗದೆ, "ಅವರು ಬರೋದ್ರೊಳಗೆ ಇದು ಕೆರೆ ಮೇಲೆ ಹಂಸದ ಹಾಗೆ ತೇಲುತ್ತೆ, ನೋಡ್ತಿರು" ಎಂದುಬಿಟ್ಟೆ.

ಗುಂಡ್ಲುಪೇಟೆಯಲ್ಲಿ ದೋಣಿ ರಿಪೇರಿ ಮಾಡುವವರನ್ನು ಹುಡುಕುವುದೂ ಒಂದೇ, ಆನೆಗೆ ಲಾಳ ಕಟ್ಟುವವರನ್ನು ಹುಡುಕುವುದೂ ಒಂದೇ. ಕೊನೆಗೆ ಚಾಮರಾಜನಗರದಲ್ಲಿ ಎತ್ತಿನ ಗಾಡಿ ಕಟ್ಟುವ ಇಬ್ರಾಹಿಂ ಸಾಹೇಬರನ್ನು ಕರೆಸಿದೆ. ದೋಣಿ ಕೆಲಸ ಗೊತ್ತೇ ಎಂದು ಕೇಳಿದ್ದಕ್ಕೆ ಅವರು ನಕ್ಕರು.

"ಗಾಡಿಗೆ ಹಿಂದ್ಗಡೆ ಹಲಗೆ ಹಾಕಲ್ವಾ ಸ್ವಾಮಿ? ಇದೂ ಅದೇ. ಗಾಲಿ ಇಲ್ಲ, ಅಷ್ಟೇ ಫರಕು."

ಆ ಧೈರ್ಯ ನನಗೆ ಬಹಳ ಹಿಡಿಸಿತು. ಇಬ್ಬರೂ ಸೇರಿ ಮೊಳೆ ಕೀಳಲು ಹೋದೆವು. ಮೊಳೆ ಅಲ್ಲೇ ಉಳಿಯಿತು, ಹಲಗೆ ಬಂತು. ಅದೂ ಹಲಗೆಯಾಗಿ ಅಲ್ಲ, ಪುಡಿಯಾಗಿ. ನೀಲಮ್ಮ ಮೊರ ತಂದು ತುಂಬಿಕೊಂಡು ಹೋಗಿ ನೀರೊಲೆಗೆ ಹಾಕಿದಳು. ಅಂದಿನ ಸ್ನಾನ ಬಿಸಿಬಿಸಿಯಾಗಿ ಆಯಿತು, ಆದರೆ ಹೊಸ ಹಲಗೆ ಕೊಯ್ಯಲು ಅಳತೆಯೇ ಉಳಿಯಲಿಲ್ಲ. ಹಳೆಯದರ ಅಡಿ ಅರ್ಧಚಂದ್ರದ ಹಾಗಿತ್ತೆಂದು ನಾನು, ನೆಟ್ಟಗಿತ್ತೆಂದು ಸಾಹೇಬರು. ಕೊನೆಗೆ ಹಳೆಯ ಪತ್ರಿಕೆಗಳನ್ನು ಒಂದಕ್ಕೊಂದು ಅಂಟಿಸಿ, ಹಲಗೆ ಕಿತ್ತುಬಂದ ಬಾಯಿಗೆ ಒತ್ತಿಹಿಡಿದು ಇದ್ದಿಲಿನಲ್ಲಿ ಗೀಟು ಹಾಕಿಕೊಂಡೆವು.

"ಎಷ್ಟು ದಪ್ಪ ಇರ್ಲಿ?" ಎಂದರು ಸಾಹೇಬರು.

"ಮೋಟಾರು ಕೂರಿಸೋ ಹಲಗೆ ಸಾಹೇಬ್ರೆ. ದಪ್ಪವಾಗೇ ಇರಲಿ."

ಮೋಟಾರು ಇರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. ಆದರೂ ಹಾಗೆ ಹೇಳುವಾಗ ಎದೆ ಉಬ್ಬಿತು. "ಆನೆ ಕೂತರೂ ಅಲ್ಲಾಡಬಾರ್ದು, ಹಂಗ್ ಮಾಡ್ಬುಡ್ತೀನಿ" ಎಂದು ಸಾಹೇಬರೂ ಉಬ್ಬಿದರು. ಗಾಡಿಯೊಂದಕ್ಕೆಂದು ತೆಗೆದಿಟ್ಟಿದ್ದ ಮತ್ತಿಮರದ ದಿಮ್ಮಿಯನ್ನೇ ಊರಿಗೆ ಹೋಗಿ ಕೊಯ್ಯಿಸಿ, ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ಇಳಿಸಲು ಕೂಲಿಯವರ ಜೊತೆ ಕಂಡಕ್ಟರೂ ಕೈಕೊಡಬೇಕಾಯಿತು. "ಯಾವ ದೇವಸ್ಥಾನದ ಬಾಗ್ಲು ಸ್ವಾಮಿ ಇದು?" ಎಂದು ಅವನು ಸೊಂಟ ಹಿಡಿದುಕೊಂಡು ಕೇಳಿದ.

ಹಲಗೆ ಕೂರಿಸಿ, ಹಳೆಯ ಹಾಸಿಗೆಯ ಹತ್ತಿಯನ್ನು ಸಂದುಗಳಿಗೆ ತುರುಕಿ, ರಾಳವನ್ನು ಹರಳೆಣ್ಣೆಯಲ್ಲಿ ಕಾಯಿಸಿ ಹುಯ್ಯುತ್ತಿದ್ದೆವು. ನನ್ನ ಕೈಗೆ ಹತ್ತಿದ ರಾಳದ ವಾಸನೆ ಅಂಗಡಿಯ ಬೆಲ್ಲಕ್ಕೂ ಹತ್ತಿ, ಗಿರಾಕಿಗಳು ಮೂಸಿ ನೋಡಿ ಮುಂದೆ ಹೋಗುತ್ತಿದ್ದ ಕಾಲ ಅದು. ಆಗ ಬಂದರು ಅತ್ತೆ. ಒಳ್ಳೆ ಆಳುದ್ದ, ಅದಕ್ಕೆ ತಕ್ಕ ಅಗಲದ ಹೆಂಗಸು. ಬಂದವರು ಕಾಲು ತೊಳೆಯದೆ ನೇರ ಕೊಟ್ಟಿಗೆಗೆ ಹೋದರು.

"ಹಸ ಎಲ್ಲಮ್ಮಿ?"

ನೀಲಮ್ಮ ಹಿತ್ತಲಿನ ಕಡೆಗೆ ಬೆರಳು ತೋರಿಸಿದಳು. ಅತ್ತೆ ದೋಣಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು. "ಇದ್ರ ಕೆಚ್ಚಲೆಲ್ಲದಮ್ಮಿ?" ಎಂದರು.

ಅಲ್ಲಿಂದ ಮುಂದೆ ನನ್ನೊಡನೆ ಮಾತು ನಿಂತಿತು. ಬೆಳಿಗ್ಗೆ ಸಂಜೆ ಹಾಲಿಲ್ಲದ ಕಾಫಿಯನ್ನು ನನಗೆ ಕಾಣುವ ಜಾಗದಲ್ಲೇ ಕೂತು, ಕೇಳುವ ಹಾಗೆ ಸೊರ್ ಎಂದು ಕುಡಿಯುತ್ತಿದ್ದರು. ನನಗೆ ಆ ಕರಿನೀರು ಇಳಿಯದೆ, ಕದ್ದು ಕುಂಞಪ್ಪನ ಅಂಗಡಿಗೆ ಹೋದೆ. ಪಕ್ಕದಲ್ಲೇ ಕಟ್ಟಿದ್ದ ಹಸು ನನ್ನ ಗುರುತು ಹಿಡಿದು "ಅಂಬಾ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿತು. ಎದುರು ಜಗಲಿಯಲ್ಲಿ ಅತ್ತೆ ನಿಂತಿದ್ದರು. ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ದೋಣಿಯನ್ನು ನೀರಿಗೆ ಬಿಡುವ ದಿನ ಅರ್ಧ ಊರು ಏರಿಯ ಮೇಲಿತ್ತು. ಇಬ್ರಾಹಿಂ ಸಾಹೇಬರು ಹೊಸ ಟೋಪಿ ಹಾಕಿಕೊಂಡು ಬಂದಿದ್ದರು. ದೋಣಿ ನೀರಿಗೆ ಇಳಿಯಿತು. ಒಂದು ಹನಿ ಒಸರಲಿಲ್ಲ. ನಾನು ಹತ್ತಿ ಹುಟ್ಟು ಹಿಡಿದು ಕೂತೆನೋ ಇಲ್ಲವೋ, ಹಿಂದಿನ ಮತ್ತಿಹಲಗೆ ತನ್ನ ತೂಕ ತೋರಿಸಿತು. ಹಿಂಭಾಗ ಮುಳುಗುವ ಹಾಗೆ ಕುಸಿದು, ಮೂತಿ ಹೆಡೆ ಎತ್ತಿದ ನಾಗರದಂತೆ ಮೇಲೆದ್ದಿತು. ಮುಂದುಗಡೆ ಕಲ್ಲು ಹೇರಿದರು; ಕಲ್ಲುಗಳು ಉರುಳಿಕೊಂಡು ನನ್ನ ಕಾಲ ಮೇಲೆಯೇ ಬಂದವು.

"ಏನ್ಲಾ, ಸಾವ್ಕಾರ್ರ ದೋಣಿ ಆಕಾಸಕ್ಕೆ ಓಯ್ತಾ ಅದಲ್ಲ!" ಎಂದ ಯಾರೋ. ಏರಿಯ ಉದ್ದಕ್ಕೂ ನಗು ಹಬ್ಬಿತು. ನೀಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ತಲೆ ತಗ್ಗಿಸಿದ್ದು ನನಗೆ ಕಂಡಿತು. ಅವಳು ನಗುತ್ತಿರಲಿಲ್ಲ.

ಆಗ ಅತ್ತೆ ಗುಂಪನ್ನು ಸರಿಸಿಕೊಂಡು ಮುಂದೆ ಬಂದರು. "ನನ್ನ ಅಳೀನ ನೋಡಿ ನಗಕ್ಕೆ ನಾನಿಲ್ವೇನ್ರಲಾ? ನಿಮಗೇನು ಬಂತು?" ಎಂದವರೇ ಸೀರೆಯ ನೆರಿಗೆ ಎತ್ತಿ ಕಟ್ಟಿ, ನೀರಿಗಿಳಿದು, ಸಾಹೇಬರ ಹೆಗಲು ಹಿಡಿದು ಹತ್ತಿ, ದೋಣಿಯ ಮೂತಿಯಲ್ಲಿ ನನಗೆ ಬೆನ್ನು ಹಾಕಿ ಕೂತುಬಿಟ್ಟರು. ದೋಣಿ ನಿಟ್ಟುಸಿರು ಬಿಟ್ಟಂತೆ ಇಳಿದು ಮಟ್ಟಸವಾಗಿ ನಿಂತಿತು. ಏರಿಯ ಮೇಲೆ ನಗು ನಿಂತು ಚಪ್ಪಾಳೆ ಬಿತ್ತು. ಸಾಹೇಬರು ಸೊಂಟದ ತನಕ ನೀರಿನಲ್ಲಿ ನಿಂತು, ಇದೆಲ್ಲ ತಮ್ಮ ಲೆಕ್ಕಾಚಾರವೇ ಎಂಬಂತೆ ಟೋಪಿ ಸರಿಮಾಡಿಕೊಂಡರು.

ಹುಟ್ಟು ಹಾಕುತ್ತ ಕೆರೆಯ ನಡುವಿಗೆ ಬಂದೆ. ಅತ್ತೆ ಕೈ ಇಳಿಬಿಟ್ಟು ನೀರನ್ನು ಮುಟ್ಟಿದರು. ದೂರದಲ್ಲಿ ಬೆಟ್ಟಗಳ ಸಾಲು ನೀಲಿಯಾಗಿತ್ತು.

"ಇಲ್ಲಿಂದ ನೋಡುದ್ರೆ ನಿಮ್ಮೂರೂ ಚೆಂದಾಗದೆ ಅಳಿಮಯ್ಯ" ಎಂದರು. ದಡದ ಕಡೆ ತಿರುಗುವಾಗ, "ಹೋಗ್ಲಿ ಬುಡಿ. ಇನ್ನೊಂದು ಹಸ ಹೊಡಿಸ್ತೀನಿ. ಅದ ಕೊಟ್ಟು ವಿಮಾನಗಿಮಾನ ತಂದ್ಬುಟ್ಟೀರಿ" ಎಂದರು. ಅವರ ಮುಖ ಕಾಣಲಿಲ್ಲ, ಬೆನ್ನು ನಗುತ್ತಿತ್ತು.

ಹಸು ಬಂತು. ಹಸುವಿಗಿಂತ ಹೆಚ್ಚಾಗಿ ಅತ್ತೆ ಬರತೊಡಗಿದರು. ಅವರಿಲ್ಲದೆ ದೋಣಿ ಮಟ್ಟಸ ನಿಲ್ಲುವುದಿಲ್ಲ, ದೋಣಿಯಿಲ್ಲದೆ ಅವರಿಗೆ ಸಮಾಧಾನವಿಲ್ಲ. ಎಡಕ್ಕೆ, ಬಲಕ್ಕೆ, ಮೆಲ್ಲಗೆ ಎಂದು ಮೂತಿಯಿಂದ ಅಪ್ಪಣೆಗಳು ಬರುತ್ತಿದ್ದವು. ಒಂದು ಸಂಜೆ ದಡಕ್ಕೆ ಬರುತ್ತಿದ್ದಾಗ, ಎತ್ತಿಗೆ ನೀರು ಕುಡಿಸುತ್ತಿದ್ದ ಪರವೂರಿನವನೊಬ್ಬ ಗೌರವದಿಂದ ಕೇಳಿದ: "ಅಮ್ಮೋರೆ, ದೋಣಿ ನಡ್ಸೋನು ಹೊಸಬನಾ?"

"ಹೊಸಬರಲ್ಲ ಕಣಪ್ಪ, ನಮ್ಮ ಅಳೀಂದಿರು. ಇನ್ನೂ ಕಲ್ತಿಲ್ಲ" ಎಂದರು ಅತ್ತೆ.

ಇದಕ್ಕೊಂದು ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. "ಮಾತು ಆಮ್ಯಾಕೆ, ಮೊದ್ಲು ಹುಟ್ಟಾಕಿ" ಎಂದರು ಅವರು, ತಿರುಗಿ ನೋಡದೆ.

ಹಾಕಿದೆ.