ಆದಂ ಕುಂಞಿಯ ಅಪರೂಪದ ಕಣ್ಣು

ಅರಂತೋಡಿನ ದಿನಸಿ ವ್ಯಾಪಾರಿ ಆದಂ ಕುಂಞಿಗೆ ಸೂಜಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಅಂಗಡಿಯ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವ ಗಂಡನನ್ನು ನೋಡಿ ಹೆಂಡತಿ ಅಲೀಮಮ್ಮ ಹಟ ಹಿಡಿದಿದ್ದಳು. ಆರೋಗ್ಯ ಸರಿಯಿದೆ ಎಂದು ಡಾಕ್ಟರು ಹೇಳಬೇಕು, ಆಮೇಲೆಯೇ ತಂಗಿಯ ಮಗನ ಮದುವೆಯ ಬಿರಿಯಾನಿ. ಮದುವೆಯೋ ಅಂದೇ ಮಧ್ಯಾಹ್ನ. ಪುಣ್ಯಾತ್ಮ ತಲೆ ಓಡಿಸಿ ಸೂಜಿಯೇ ಇಲ್ಲದ ಡಾಕ್ಟರನ್ನು ಹುಡುಕಿದ. ಸುಳ್ಯದಲ್ಲಿ ಆ ಬೆಳಿಗ್ಗೆ ಉಚಿತ ಕಣ್ಣಿನ ತಪಾಸಣೆ ಇತ್ತು.

ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಂಟಲು ಬಿಟ್ಟು ಓದಿದ. ಜೊತೆಗೆ ಬಂದಿದ್ದ ನೆರೆಮನೆಯ ತ್ಯಾಂಪಣ್ಣ ತಲೆದೂಗಿದ. ಆಮೇಲೆ ಕಣ್ಣಿಗೆ ಮದ್ದು ಬಿಟ್ಟರು. ದೀಪ ಹಿಡಿದು ಒಳಗೆ ಇಣುಕಿದ ಡಾಕ್ಟರ್ ಚೆನ್ನಕೇಶವ, ಇನ್ನಿಬ್ಬರು ಡಾಕ್ಟರುಗಳನ್ನೂ ಕರೆದು ತೋರಿಸಿದರು.

"ಇಂಥ ಕಣ್ಣು ನನ್ನ ಸರ್ವೀಸಿನಲ್ಲೇ ನೋಡ್ಲಿಲ್ಲ," ಎಂದರು.

ಅದನ್ನು ಹೊಗಳಿಕೆ ಎಂದುಕೊಂಡ ಆದಂ ಕುಂಞಿಯ ಕಾಲು ನೆಲಕ್ಕೆ ತಾಗಲಿಲ್ಲ. ಅದೇ ಖುಷಿಯಲ್ಲಿ ಡಾಕ್ಟರನ್ನು ಮದುವೆಗೇ ಕರೆದುಬಿಟ್ಟ. ಒಂದು ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವ ಪದ್ಧತಿ ತಮ್ಮದು, ಬರಲೇಬೇಕೆಂದು ಮಾತು ತೆಗೆದುಕೊಂಡ. ಒಪ್ಪಿಕೊಂಡ ಡಾಕ್ಟರು ಆತನನ್ನು ಒಳಕ್ಕೆ ಕರೆದು ಉಳಿದದ್ದನ್ನು ಹೇಳಿದರು. ದೃಷ್ಟಿಗೆ ಏನೂ ಆಗಿಲ್ಲ. ಆದರೆ ಕೆಂಪಗಿರಬೇಕಾದ ಕಣ್ಣೊಳಗಿನ ರಕ್ತನಾಳಗಳು ಹಾಲಿನ ಬಣ್ಣಕ್ಕೆ ತಿರುಗಿವೆ. ರಕ್ತದಲ್ಲಿ ಕೊಬ್ಬು ಅಷ್ಟು ಏರಿದೆ. ಇವತ್ತೇ ರಕ್ತಪರೀಕ್ಷೆ ಆಗಬೇಕು. ಎಣ್ಣೆ, ತುಪ್ಪ ಮುಟ್ಟಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಸಂಚಕಾರ.

ಊಟ ಮುಟ್ಟದೆ ಸಂಜೆ ಬಂದು ರಕ್ತ ಕೊಡುತ್ತೇನೆಂದು ಹೇಳಿ ಜಾರಿಕೊಂಡ ಆತ ಮನೆಗೆ ಒಯ್ದದ್ದು ಮೊದಲರ್ಧ ಮಾತ್ರ. "ಎಂತದೂ ತೊಂದರೆ ಇಲ್ಲ ಅಂತ ಡಾಕ್ಟ್ರೇ ಹೇಳಿದ್ರು," ಎಂದ. ಒಳಗಿನ ಮಾತು ಕೇಳಿರದ ತ್ಯಾಂಪಣ್ಣ ಸಾಕ್ಷಿ ನುಡಿದ. ಅಲೀಮಮ್ಮ ಬಿರಿಯಾನಿಗೆ ಒಪ್ಪಿಗೆ ಕೊಟ್ಟಳು.

ಮದುವೆ ಮಂಟಪಕ್ಕೆ ಆತ ಗೆದ್ದ ಅಭ್ಯರ್ಥಿಯ ಹಾಗೆ ಕಾಲಿಟ್ಟ. ಕಣ್ಣಿನ ಮದ್ದು ಇನ್ನೂ ಇಳಿದಿರಲಿಲ್ಲ. ಹತ್ತಿರದ್ದೆಲ್ಲ ಮಂಜು ಮಂಜು. ಆದರೂ ಬಿರಿಯಾನಿಯ ಪರಿಮಳ ಹಿಡಿದು ತಟ್ಟೆ ಮುಂದೆ ಕೂತ. ಎದುರಿಗೆ ಯಾರೋ ನೆಂಟರು ಇದ್ದಂತಿತ್ತು. ಆತನಿಗೆ ಗೆಲುವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ.

"ಹೆಂಡ್ತಿಗೂ ಡಾಕ್ಟ್ರಿಗೂ ಒಟ್ಟಿಗೆ ಟೋಪಿ ಹಾಕಿದ್ದು ನಾನೊಬ್ಬನೇ ಮಾರಾಯ್ರೆ," ಎಂದು ಪಿಸುಗುಟ್ಟಿ ಕೋಳಿಯ ಕಾಲಿಗೆ ಕೈ ಹಾಕಿದ.

ಎದುರಿನವರು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು.

"ಕರೆದ ಮೇಲೆ ಬರದೆ ಇರ್ಲಿಕ್ಕೆ ಆಗ್ತದಾ?" ಎಂದಿತು ಡಾಕ್ಟರ್ ಚೆನ್ನಕೇಶವರ ಸ್ವರ. "ತಟ್ಟೆ ಒಂದೇ ಅಲ್ವಾ, ನಿಮ್ಮ ಪಾಲು ನಾನು ತಿನ್ತೇನೆ. ನೀವು ಸೌತೆಕಾಯಿ ತಿನ್ನಿ. ರಕ್ತ ತೆಗಿಲಿಕ್ಕೆ ನಮ್ಮ ಸುಪ್ರಿತಾ ಸಿಸ್ಟರನ್ನೂ ಕರ್ಕೊಂಡು ಬಂದಿದ್ದೇನೆ. ಹೆಂಗಸರ ಕಡೆ ಊಟಕ್ಕೆ ಕೂತಿದ್ದಾರೆ, ನಿಮ್ಮ ಅಲೀಮಮ್ಮನ ತಟ್ಟೆಯಲ್ಲೇ."