ನಲವತ್ತಮೂರು ತೋಟ, ಒಂದು ಬೆಂಚು

ವ್ಯಾಪಾರಿ: ಕಾಡು ಕಡಿದಿಲ್ಲ ಅಂತ ನಾನೇ ಬಾಯಿಬಿಟ್ಟು ಹೇಳ್ತಿದ್ದೀನಲ್ಲ ಮೇಡಂ, ಇನ್ನೇನು ಬೇಕು?

ಗುಮಾಸ್ತೆ: ಬಾಯನ್ನ ಅರ್ಜಿಗೆ ಲಗತ್ತಿಸೋಕೆ ಬರಲ್ಲ ಯಜಮಾನ್ರೇ. ನಕ್ಷೆಯಲ್ಲಿ ಕಾಣಬೇಕು.

ಕೋಕೋ ವ್ಯಾಪಾರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈ ವಾರ ಮಾಲು ಹಡಗು ಹತ್ತದಿದ್ದರೆ ಹದಿನೆಂಟು ವರ್ಷದ ಗಿರಾಕಿ ಕೈತಪ್ಪಿಹೋಗುತ್ತಾನೆ. ಆ ಗಿರಾಕಿಯ ದೇಶದಲ್ಲೋ ಹೊಸ ಕಾಯ್ದೆ: ಐದು ವರ್ಷದಿಂದೀಚೆಗೆ ಕಾಡು ಕಡಿದ ನೆಲದಲ್ಲಿ ಬೆಳೆದ ಒಂದು ಬೀಜವೂ ಒಳಗೆ ಬರಕೂಡದು. ಪ್ರತಿ ತೋಟಕ್ಕೂ ಹೋಗಿ, ಜಾಗವನ್ನು ಫೋನಿನಲ್ಲಿ ಗುರುತು ಮಾಡಿ, ಈ ರಫ್ತು ಕಚೇರಿಗೆ ಒಪ್ಪಿಸಬೇಕು.

ವ್ಯಾಪಾರಿ: ನಲವತ್ತಮೂರು ತೋಟದ್ದೂ ಕೊಟ್ಟಿದ್ದೀನಲ್ಲ!

ಗುಮಾಸ್ತೆ: ನಲವತ್ತಮೂರೂ ಒಂದೇ ಕಡೆ ಇವೆ.

ವ್ಯಾಪಾರಿ: ಅಕ್ಕಪಕ್ಕದವರು ಮೇಡಂ. ಬಹಳ ಅನ್ಯೋನ್ಯ.

ಗುಮಾಸ್ತೆ: ಒಬ್ಬರ ತೊಡೆ ಮೇಲೊಬ್ಬರು ಕೂತಿದ್ದಾರೆ.

ಕಂಪ್ಯೂಟರ್ ಪರದೆಯನ್ನು ಅವನತ್ತ ತಿರುಗಿಸಿದಳು. ಒಂದೇ ಒಂದು ಕೆಂಪು ಚುಕ್ಕೆ. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಹೆಂಡತಿಯ ತಮ್ಮನತ್ತ ವ್ಯಾಪಾರಿ ತಿರುಗಿದ.

ವ್ಯಾಪಾರಿ: ಏನಯ್ಯಾ, ತೋಟಗಳಿಗೆ ಹೋಗಿದ್ದೆ ತಾನೆ?

ಭಾಮೈದ: ಎಲ್ಲಾ ಸುತ್ತಿ ಹೆಸರು ಬರ್ಕೊಂಡು ಬಂದೆ ಭಾವ. ಅಲ್ಲಿ ಸಿಗ್ನಲ್ ಇರಲಿಲ್ಲ. ಮೊನ್ನೆ ಅರ್ಜಿ ಕೊಡೋಕೆ ಬಂದಾಗ ಈ ಬೆಂಚ್ ಮೇಲೆ ಚೆನ್ನಾಗಿ ಸಿಕ್ತು, ಗುರುತು ಮಾಡಿದೆ.

ವ್ಯಾಪಾರಿ: ನಲವತ್ತಮೂರು ಸಲ?

ಭಾಮೈದ: ಒಂದೊಂದಕ್ಕೂ ಬೇರೆ ಹೆಸರು ಹಾಕಿದ್ದೀನಿ. ಕಳ್ಳಾಟ ಇಲ್ಲ.

ವ್ಯಾಪಾರಿ: ಮೇಡಂ, ಇವನ ತಪ್ಪನ್ನ ರೈತರ ತಲೆಗೆ ಕಟ್ಟಬೇಡಿ. ಅವರಲ್ಲೊಬ್ಬ ಗುಡ್ಡ ಬೋಳಿಸೋಕೆ ಗರಗಸ ಹಿಡಿದು ಹೊರಟಿದ್ದ. ಆ ಮಾಲು ಯಾರೂ ಕೊಳ್ಳಲ್ಲ ಅಂದೆ, ಗರಗಸ ಕೆಳಗಿಟ್ಟ. ಈಗ ಅವನಿಗೇನು ಹೇಳ್ಲಿ? ಗುಡ್ಡ ಉಳೀತು, ಗಿರಾಕಿ ಹೋದ ಅಂತಲೇ?

ಗುಮಾಸ್ತೆ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡಳು.

ಗುಮಾಸ್ತೆ: ಕಾಯ್ದೆ ಕೆಲಸ ಮಾಡಿದೆ ಅಂತಾಯ್ತು. ಆದ್ರೂ ಕೊಟ್ಟ ಜಾಗವನ್ನ ನಾನು ಪರೀಕ್ಷಿಸಲೇಬೇಕು.

ಕೆಂಪು ಚುಕ್ಕೆಯ ಐದು ವರ್ಷ ಹಿಂದಿನ ಉಪಗ್ರಹ ಚಿತ್ರ ತೆರೆದಳು. ಪರದೆಯ ತುಂಬ ದಟ್ಟ ಹಸಿರು.

ಭಾಮೈದ: ಅಯ್ಯೋ, ಎಷ್ಟೊಂದು ಮರ!

ಗುಮಾಸ್ತೆ ಕಣ್ಣು ಮಿಟುಕಿಸದೆ ಟೈಪ್ ಮಾಡಿದಳು: "ಸದರಿ ಜಾಗದಲ್ಲಿ ಕಾಡು ಕಡಿಯಲಾಗಿದೆ. ತಿರಸ್ಕರಿಸಲಾಗಿದೆ."

ವ್ಯಾಪಾರಿ: ಸದರಿ ಜಾಗ ಅಂದ್ರೆ ನಿಮ್ಮ ಆಫೀಸು ಮೇಡಂ!

ಗುಮಾಸ್ತೆ: ಗೊತ್ತು. ಕಟ್ಟಿ ಮೂರು ವರ್ಷ ಆಯ್ತು. ಶುಕ್ರವಾರ ಇನ್ನೊಂದು ಹಡಗಿದೆ. ಈ ಸಲ ನೀವೇ ತೋಟಕ್ಕೆ ಹೋಗಿ, ಜಾಗ ಗುರುತು ಮಾಡೋಕೆ ಸಿಗ್ನಲ್ ಬೇಕಿಲ್ಲ.

ವ್ಯಾಪಾರಿ ಭಾಮೈದನ ಕೈಯಿಂದ ಫೋನು ಕಿತ್ತುಕೊಂಡು ಬಾಗಿಲಿಗೆ ನಡೆದ.

ವ್ಯಾಪಾರಿ: ನನ್ನ ಕೋಕೋ ಶುಕ್ರವಾರ ಹಡಗು ಹತ್ತುತ್ತೆ ಮೇಡಂ. ನಿಮ್ಮ ಆಫೀಸನ್ನ ಮಾತ್ರ ಇನ್ನು ಯಾವ ದೇಶವೂ ಕೊಳ್ಳಲ್ಲ.