ಮಾಮಾನ ಅರ್ಧ ಕೋರ್ಸು

ಡಾಕ್ಟರಾಗಲು ವರ್ಷಗಟ್ಟಲೆ ಓದುವುದು ದಂಡ, ಒಮ್ಮೆ ಸರಿಯಾಗಿ ಜ್ವರ ಬಂದು ಹೋದರೆ ಸಾಕು ಎಂದು ನಂಬಿದವರು ಪುಣೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಸೇರಿ ಸಂಘ ಕಟ್ಟಿದರೆ ಅಧ್ಯಕ್ಷಗಿರಿ ನಮ್ಮ ಮಾಮಾನಿಗೇ, ಅದೂ ಅವಿರೋಧವಾಗಿ!

ನನ್ನ ತಾಯಿಯ ಈ ತಮ್ಮ ಧಾರವಾಡ ಕಡೆಯವರು. ಇಲ್ಲಿನ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತರಾಗಿ ಬಿಬವೇವಾಡಿ ಬಡಾವಣೆಯಲ್ಲಿದ್ದಾರೆ. ಹಳೆಯ ಫೈಲಿನಲ್ಲಿ ಏನು ಮಾಡಿದ್ದಾರೋ ಅದನ್ನೇ ಮತ್ತೆ ಮಾಡುವುದು ಅವರ ಕಚೇರಿ ಧರ್ಮ. ರೋಗಕ್ಕೂ ಅದೇ ನಿಯಮ. ಏಳು ವರ್ಷದ ಹಿಂದೆ ಹಲ್ಲಿನ ಬುಡದಲ್ಲಿ ಕೀವಾದಾಗ ಡಾಕ್ಟರು ಬರೆದುಕೊಟ್ಟ ಆಂಟಿಬಯೋಟಿಕ್ ಚೀಟಿಯನ್ನು ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದಾರೆ! ಗಂಟಲು ಕೆರೆದರೆ ಅದೇ ಚೀಟಿ, ಹೊಟ್ಟೆ ಕೆಟ್ಟರೆ ಅದೇ ಚೀಟಿ. ಬರೆದ ಡಾಕ್ಟರು ದವಾಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಚೀಟಿ ಮಾತ್ರ ಇನ್ನೂ ಸೇವೆಯಲ್ಲಿದೆ. ಮೆಡಿಕಲ್ ಅಂಗಡಿಯವನು ಅದನ್ನು ಓದುವುದನ್ನೂ ಬಿಟ್ಟಿದ್ದಾನೆ. ಮಾಮಾನ ಮುಖ ಕಂಡರೆ ಸಾಕು, ಗುಳಿಗೆ ತೆಗೆಯುತ್ತಾನೆ.

ಡಾಕ್ಟರ ಹತ್ತಿರ ಯಾಕೆ ಹೋಗಬಾರದು? ಎರಡು ತಾಸು ಕಾಯಬೇಕು, ಪಕ್ಕದಲ್ಲಿ ಕೂತವರ ಕೆಮ್ಮು ಅಂಟಿಸಿಕೊಳ್ಳಬೇಕು, ರಕ್ತ ಕೊಡಬೇಕು, ಕಡೆಗೆ ಬರುವುದು ಇದೇ ಗುಳಿಗೆ. ಇದು ಅವರ ವಾದ. ನೆಗಡಿ ವೈರಸ್ಸಿನಿಂದ ಬರುತ್ತದೆ, ಈ ಗುಳಿಗೆ ಕೊಲ್ಲುವುದು ಬ್ಯಾಕ್ಟೀರಿಯಾವನ್ನು ಎಂದು ನಾನೊಮ್ಮೆ ಪಾಠ ಹೇಳಿದೆ. ಮಾಮಾ ಶಾಂತವಾಗಿ ಕೇಳಿಸಿಕೊಂಡರು.

“ಯಾವುದರೆ ಇರಲಿ. ಒಳಗ ಹೋದ ಮ್ಯಾಲ ಗುಳಿಗಿ ಎಲ್ಲಾರನ್ನೂ ನೋಡ್ಕೊಂತದ.”

ಒಮ್ಮೆ ಇಂದಾಪುರದ ಬಸ್ಸಿನಲ್ಲಿ ಪಕ್ಕದವನೊಬ್ಬ ಸೀನುತ್ತಿದ್ದ. ಮಾಮಾ ಸುಮ್ಮನಿರುತ್ತಾರೆಯೇ? ಚೀಟಿಯ ಫೋಟೋ ತೆಗೆಸಿಕೊಟ್ಟು, ತಮ್ಮ ಫೋನ್ ನಂಬರನ್ನೂ ಕೊಟ್ಟರು. ವಾರದ ನಂತರ ಅವನ ಫೋನ್ ಬಂತು. ಗುಳಿಗೆ ತರುವುದನ್ನು ಮರೆತೇಬಿಟ್ಟೆ, ಆದರೂ ನೆಗಡಿ ಹೋಯಿತು ಎಂದನಂತೆ. ಮಾಮಾ ಅದನ್ನೂ ಚೀಟಿಯ ಹೆಸರಿಗೇ ಜಮಾ ಮಾಡಿಕೊಂಡರು!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಐದು ದಿನದ ಕೋರ್ಸನ್ನು ಅವರು ಎಂದೂ ಮುಗಿಸಿದವರಲ್ಲ. ಎರಡನೇ ದಿನ ಜ್ವರ ಇಳಿಯಿತೋ, ಉಳಿದ ಗುಳಿಗೆ ಎತ್ತಿಟ್ಟರು. ಹೋದ ವರ್ಷ ಕೆಮ್ಮು, ಜ್ವರ ಹಿಡಿದಾಗಲೂ ಹೀಗೇ ಮಾಡಿದರು. ಹೋದ ಜ್ವರ ಮತ್ತೆ ಬಂತು, ಮತ್ತೆ ಅರ್ಧ ನುಂಗಿದರು. ಮೂರನೇ ಸಲ ಉಸಿರಾಡುವುದೇ ಕಷ್ಟವಾಗಿ ಆಸ್ಪತ್ರೆ ಸೇರಿದರು.

ಕಫ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಮರಾಠಿಯಲ್ಲಿ ಹೇಳಿದ್ದು ಇಷ್ಟು. ಅರ್ಧ ಕೋರ್ಸಿಗೆ ಸಾಯದೆ ಉಳಿದ ರೋಗಾಣುಗಳಿಗೆ ಆ ಗುಳಿಗೆ ಇನ್ನು ನಾಟುವುದಿಲ್ಲ, ಅದೇ ಜಾತಿಯ ಇನ್ನೆರಡೂ ನಾಟುವುದಿಲ್ಲ. ಉಳಿದಿರುವುದು ಒಂದೇ ಔಷಧ, ಮೊದಲು ಇಂಜೆಕ್ಷನ್ ಹಾಕಿ ಕಾಯಬೇಕು. ಪ್ರತಿ ಸಲ ಕೋರ್ಸು ಅರ್ಧಕ್ಕೆ ಯಾಕೆ ಬಿಟ್ಟಿರಿ ಎಂದು ಅವರು ಮಾಮಾನನ್ನು ಕೇಳಿದರು.

ಮರಾಠಿ ಚೆನ್ನಾಗಿ ಬರುವ ಮಾಮಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

“ನನಗ ಬಂದ ಕೆಮ್ಮು ಎರಡ ದಿನದಾಗ ನಿಮ್ಮ ಮಾಮಿಗೂ ಬರ್ತದಪಾ. ಅಕಿ ಅಂತೂ ದವಾಖಾನಿ ಮೆಟ್ಲಾ ಹತ್ತೂದಿಲ್ಲ. ಅರ್ಧಾ ಅಕಿಗೆ ಇರಲಿ ಅಂತ ಇಡ್ತಿದ್ದೆ.”

ಮರಾಠಿ ಅಷ್ಟಾಗಿ ಬಾರದ ಮಾಮಿ ನೀರಿನ ಬಾಟಲಿ ಹಿಡಿದು ಹಿಂದೆಯೇ ನಿಂತಿದ್ದರು. ಡಾಕ್ಟರಮ್ಮ ಏನಂದರು ಎಂದು ನನ್ನನ್ನು ಕೇಳಿದರು. ಗುಳಿಗೆ ಎತ್ತಿಡುವುದನ್ನು ಇಷ್ಟು ವರ್ಷ ಜಿಪುಣತನವೆಂದು ನಕ್ಕಿದ್ದ ನನಗೆ ನಾಚಿಕೆಯಾಗಿ, ಮಾಮಾನ ಮಾತನ್ನು ಡಾಕ್ಟರಮ್ಮನಿಗೆ ಮರಾಠಿಯಲ್ಲಿ ಹೇಳದೆ, ಅರ್ಧ ಕೋರ್ಸಿನಿಂದಲೇ ಹೀಗಾಯಿತಂತೆ ಎಂದು ಮಾಮಿಗೆ ಹೇಳಿದೆ.

ನಾಲ್ಕನೇ ದಿನ ಜ್ವರ ಇಳಿಯಿತು. ಮನೆಗೆ ಕಳಿಸುವಾಗ ಅದೇ ಔಷಧದ ಏಳು ದಿನದ ಗುಳಿಗೆ ಕೊಟ್ಟರು. ಮನೆಗೆ ಬಂದ ಮೂರನೇ ದಿನ ನಾನು ನೋಡಲು ಹೋದಾಗ ಮಾಮಾ, ಮೈ ಹಗುರಾಗಿದೆ, ಇನ್ನು ಸಾಕು ಎನ್ನುತ್ತಿದ್ದರು. ಮಾಮಿ ಒಂದು ಗುಳಿಗೆ ಬಿಡಿಸಿ ಅವರ ಮುಂದೆ ಹಿಡಿದರು.

“ನನ್ನ ಪಾಲೂ ನೀವ ತಗೋರಿ. ನನಗ ಕೆಮ್ಮು ಬಂದ್ರ ನಾ ದವಾಖಾನಿಗೆ ಹೋಗ್ತೀನಿ.”

ಮಾಮಾ ಅವರ ಮುಖ ನೋಡಿ ಬಾಯಿ ತೆರೆದರು.